ಬಳ್ಳಾರಿ, ರಾಯಚೂರು, ಕೊಪ್ಪಳಕ್ಕ ಟ್ರಾನ್ಸ್‌ಫರ್ ಆಗೇತಾ? ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದ್ರಿ

ಮೊದಲ್ನೇ ಮಾತು, ಡಿಸೆಂಬರ್ ಜನವರಿಯಾಗ ಬಂದು ಇಲ್ಲಿ ಮನಿ ಹಿಡೀಬ್ಯಾಡ್ರಿ. ಹಿಡೀಲೇಬೇಕು ಅಂದ್ರ ಏಪ್ರಿಲ್ ತಿಂಗಳು ತಲಿಯಾಗ ಇಟ್ಕೊಂಡು ನೋಡ್ರಿ. ಚಳಿಗಾಲದಾಗ ಈ ಮೂರೂ ಊರು ಭಾಳ ಚಂದ ಇರ್ತಾವು, ಬೆಳಿಗ್ಗಿ ಸ್ವೆಟರ್ ಹಾಕ್ಕೊಂಡು ವಾಕಿಂಗ್, ಮಧ್ಯಾಹ್ನ ಹಿತ ಅನ್ನೋ ಬಿಸ್ಲು, ಸಂಜಿಗೆ ಬಿಸಿ ಮಿರ್ಚಿ, ಆ ಮೂಡ್‌ನಾಗ ಓನರ್ ಏನ್ ಹೇಳಿದ್ರೂ ಖರೇನೇ ಅನಿಸ್ತೈತಿ.

ನಾ ಹುಟ್ಟಿದ್ದು ಬೆಳದಿದ್ದು ಬಳ್ಳಾರಿ ಕೌಲ್ ಬಜಾರ್‌ನಾಗ, ನೌಕರಿ ಶುರು ಆಗಿದ್ದು ರಾಯಚೂರಾಗ, ಈಗ ಕೊಪ್ಪಳದಾಗ ಮನಿ ಮಾಡಿ ವರ್ಷಗಳಾದವು. ಬಳ್ಳಾರಿ ಹುಡುಗನಿಗೆ ಬಿಸಿಲು ಹೊಸದಾ ಅಂತ ಧಿಮಾಕಿನಾಗ ರಾಯಚೂರಿಗೆ ಹೋಗಿ ಜನವರಿ ಮೊದಲ ವಾರ ಒಂದು ಮನಿ ಹಿಡದೆ. ಮೊದಲ್ನೇ ಮಹಡಿ, ಮ್ಯಾಲ ಬರೇ ಆರ್‌ಸಿಸಿ, ಮಲಗೋ ರೂಮಿನ ಗೋಡಿ ಪಶ್ಚಿಮಕ್ಕ. ಆವಾಗ ಆ ರೂಮಿನಾಗ ಸಂಜಿ ಬೆಳಕು ಬೀಳೋದು ನೋಡಿ ನಮ್ಮ ಮನಿಯವ್ರು ಎಷ್ಟ್ ಚಂದ ಐತ್ರಿ ಅಂದಿದ್ರು. ಏಪ್ರಿಲ್‌ನಾಗ ಅದೇ ಗೋಡಿಗೆ ರಾತ್ರಿ ಹನ್ನೊಂದಕ್ಕ ಕೈ ಇಟ್ರ ಇಟ್ಟ ಕೈ ತಗೋಬೇಕು. ಟ್ಯಾಂಕಿನ ನೀರು ಸಂಜಿ ಐದಕ್ಕ ಮೈಮ್ಯಾಲ ಹಾಕ್ಕೊಳ್ಳಾಕ ಆಗ್ತಿರ್ಲಿಲ್ಲ, ಬೆಳಿಗ್ಗಿ ಐದಕ್ಕ ಎದ್ದು ಎರಡು ಬಕೆಟ್ ತುಂಬಿ ಬಾತ್‌ರೂಮಿನ ಮೂಲ್ಯಾಗ ಇಟ್ಟು ಅದರಾಗ ಸಂಜಿ ಸ್ನಾನ ಮಾಡ್ತಿದ್ವಿ. ಗೀಸರ್ ಇರೋ ಮನಿ ಅಂತ ಬಾಡಿಗಿ ಒಂದಿಷ್ಟು ಜಾಸ್ತಿ ಬ್ಯಾರೆ ಕೊಟ್ಟಿದ್ವಿ, ನಗಬ್ಯಾಡ್ರಿ.

ಹಂಗಾಗಿ ಮನಿ ನೋಡಾಕ ಹೋದಾಗ ಮೊದ್ಲು ಕಣ್ಣು ಮ್ಯಾಲ ಎತ್ರಿ. ಮ್ಯಾಲ ಇನ್ನೊಂದು ಮಹಡಿ ಐತಾ? ಇದ್ರ ಅದೇ ನಿಮ್ಮ ಕೊಡೆ. ಕೆಳಗಿನ ಮನಿ ಸ್ವಲ್ಪ ಕತ್ತಲಿ ಇದ್ರೂ ತಗೊಳ್ರಿ, ಮೈಸೂರು ಮಂಗಳೂರು ಕಡೆಯವ್ರು ಬಂದು ಗಾಳಿ ಬೆಳಕು ಅಂತ ಮೂರನೇ ಮಹಡಿ ಹಿಡೀತಾರ, ಮೇ ಬರೋದ್ರೊಳಗ ಬ್ಯಾರೆ ಮನಿ ಹುಡುಕ್ತಿರ್ತಾರ. ಮ್ಯಾಲಿನ ಮನೀನೇ ಗತಿ ಅಂದ್ರ ಮಾಳಿಗಿ ಮ್ಯಾಲ ಬಿಳೇ ಬಣ್ಣಾನೋ ಸುಣ್ಣಾನೋ ಹೊಡೀಸ್ರಿ ಅಂತ ಅಡ್ವಾನ್ಸ್ ಕೊಡೋ ಮೊದ್ಲೇ ಕೇಳ್ರಿ, ಕೊಟ್ಟ ಮ್ಯಾಲ ಕೇಳಿದ್ರ ನೋಡೋಣ್ರಿ ಅಂತಾರ. ಹಳೇ ಓಣ್ಯಾಗ ಇನ್ನೂ ಮಣ್ಣಿನ ಮಾಳಿಗಿ ಮನಿ ಉಳದಾವು, ಅದರಾಗ ಮಧ್ಯಾಹ್ನ ಮಲಗಿದ್ರ ಫ್ಯಾನ್ ಒಂದ್ರಾಗೇ ನಡೀತೈತಿ, ಆದ್ರ ಮಳಿಗಾಲದಾಗ ಸೋರ್ತಾವು, ಒಂದಕ್ಕ ಒಂದು.

ಎಸಿ ಬೇಕಾ ಅಂತ ಎಲ್ಲಾರೂ ಕೇಳ್ತಾರ. ನನ್ನ ಲೆಕ್ಕ, ಮೊದಲ ವರ್ಷ ಕೂಲರ್ ಸಾಕು. ಇಲ್ಲಿಂದು ಒಣ ಬಿಸಿಲು, ನಲವತ್ತು ದಾಟಿದ್ರೂ ಮೈ ಅಂಟಂಟು ಆಗಂಗಿಲ್ಲ, ಕೂಲರ್ ಇಂಥಾ ಹವಾದಾಗೇ ಚಲೋ ಕೆಲಸ ಮಾಡೋದು. ಆದ್ರ ಅದನ್ನ ಕಿಟಕಿಗೆ ಹಚ್ಚಿ ಬೆನ್ನು ಹೊರಗ ಇರೋ ಹಂಗ ಇಡಬೇಕು, ಎದುರಿಗೆ ಒಂದು ಬಾಗಿಲು ತಗದಿರಬೇಕು. ಮುಚ್ಚಿದ ರೂಮಿನಾಗ ಕೂಲರ್ ಹಾಕಿ ತಂಪೇ ಆಗ್ವಲ್ದು ಅಂತ ಬೈಯೋರು ಭಾಳ ಮಂದಿ ಅದಾರ. ಮತ್ತ ಅದಕ್ಕ ದಿನಕ್ಕ ನಾಲ್ಕೈದು ಬಕೆಟ್ ನೀರು ಬೇಕು, ಇಲ್ಲಿಗೆ ಬಂತು ನೋಡ್ರಿ ಖರೇ ವಿಷಯ.

ನೀರಿನ ಮಾತು

ಓನರ್‌ಗೆ "ನೀರು ಬರ್ತೈತೇನ್ರಿ" ಅಂತ ಕೇಳಬ್ಯಾಡ್ರಿ. ಬರ್ತೈತಿ ಅಂತಾರ, ಸುಳ್ಳೂ ಅಲ್ಲ ಅದು. ಕೇಳೋದು ಹಿಂಗ: ಎಷ್ಟು ದಿನಕ್ಕೊಮ್ಮೆ ಬಿಡ್ತಾರ, ಎಷ್ಟೊತ್ತು ಬಿಡ್ತಾರ, ಬೇಸಿಗ್ಯಾಗ ಅದು ಎಷ್ಟಕ್ಕ ಹೋಗ್ತೈತಿ, ಸಂಪ್ ಎಷ್ಟು ಲೀಟರ್‌ದು, ಆ ಸಂಪ್ ಎಷ್ಟು ಮನಿಗೆ. ಓನರ್ ಹೇಳಿದ ಮ್ಯಾಲ ಬಾಜು ಮನಿ ಕಟ್ಟಿ ಮ್ಯಾಲ ಕುಂತಿರೋ ಅಜ್ಜಿಗೂ ಅದನ್ನೇ ಕೇಳ್ರಿ. ಅಜ್ಜಿ ಹೇಳಿದ್ದೇ ಫೈನಲ್. ನಾ ರಾಯಚೂರಾಗ ಕೇಳಿದಾಗ ಓನರಮ್ಮ "ನೀರಿಗೇನ್ ಕಮ್ಮಿ ಇಲ್ರೀ, ಎರಡು ದಿನಕ್ಕೊಮ್ಮೆ ಬರ್ತದ" ಅಂದ್ಲು, ಬಾಜು ಮನಿ ಅಜ್ಜಿ ನನ್ನ ಮುಖ ನೋಡಿ ನಕ್ಕು "ಬರ್ತದ ಬರ್ತದ, ನೀ ಎದ್ದಿದ್ರ ಬರ್ತದ" ಅಂದ್ಲು. ಅರ್ಥ ಆಗಿದ್ದು ಆಮ್ಯಾಲ, ನಳ ಬರೋ ಟೈಮ್ ನಸುಕಿನ ಮೂರು.

ಇದರಾಗ ತಮಾಷಿ ಏನಂದ್ರ ರಾಯಚೂರು ಜಿಲ್ಲಾ ಕೃಷ್ಣಾ ತುಂಗಭದ್ರಾ ಎರಡರ ನಡುವ ಐತಿ, ಆ ಕಡೆ ಒಂದು ಹೊಳಿ ಈ ಕಡೆ ಒಂದು ಹೊಳಿ, ಇದೇ ದೋಆಬ್ ಸಲುವಾಗಿ ರಾಜರೆಲ್ಲಾ ನೂರಾರು ವರ್ಷ ಬಡದಾಡಿದ್ರು, 1520ರಾಗ ಕೃಷ್ಣದೇವರಾಯ ಮತ್ತು ಆದಿಲ್‌ಶಾಹಿ ನಡುವಿನ ಯುದ್ಧ ಆಗಿದ್ದು ಇದೇ ಊರಿಗಾಗಿ. ಅಂಥಾ ಊರಾಗ ಕುಡಿಯೋ ನೀರಿಗೆ ಕ್ಯಾನ್ ಹಿಡಕೊಂಡು ಹೋಗಬೇಕು. 2022ರ ಬೇಸಿಗ್ಯಾಗ ನಳದ ನೀರು ಕೆಟ್ಟು ಅದನ್ನ ಕುಡದು ಮಂದಿ ಸತ್ತಿದ್ದು ರಾಜ್ಯಕ್ಕೇ ಗೊತ್ತು. ಅವತ್ತಿಂದ ಅಲ್ಲಿ ನಮ್ಮ ನೆಂಟರು ಯಾರೂ ನಳದ ನೀರು ಸೀದಾ ಕುಡಿಯಂಗಿಲ್ಲ, ಮನಿಗೆ ಬಂದವ್ರಿಗೂ ಕೊಡಂಗಿಲ್ಲ. ಬೋರ್ ನೀರು ಅಂದ್ರ ರಾಯಚೂರು ಕೊಪ್ಪಳ ಎರಡೂ ಕಡೆ ಭಾಳ ಜಾಗದಾಗ ಫ್ಲೋರೈಡ್ ಜಾಸ್ತಿ, ಹಳ್ಳಿ ಕಡೆ ಮಕ್ಕಳ ಹಲ್ಲು ಕಂದು ಆಗಿರೋದು ನೋಡಿದ್ರ ಗೊತ್ತಾಗ್ತೈತಿ. ಕುದಿಸಿದ್ರ ಫ್ಲೋರೈಡ್ ಹೋಗಂಗಿಲ್ಲ, ಇದೊಂದು ನೆನಪಿಟ್ಕೊಳ್ರಿ, ಕುದಿಸಿದ್ರ ಹೋಗೋದು ಕ್ರಿಮಿ ಮಾತ್ರ. ಫ್ಲೋರೈಡಿಗೆ ಆರ್‌ಒ ಬೇಕು. ಓಣಿಗೊಂದು ಶುದ್ಧ ನೀರಿನ ಘಟಕ ಇರ್ತಾವು, ಕಾಯಿನ್ ಹಾಕಿದ್ರ ಕ್ಯಾನ್ ತುಂಬ್ತೈತಿ, ಆದ್ರ ಅದು ಚಾಲೂ ಐತೋ ಇಲ್ಲೋ ನೋಡ್ಕೊಳ್ರಿ, ಬೋರ್ಡ್ ಅಷ್ಟೇ ಉಳಿದಿರೋ ಘಟಕಾನೂ ಅದಾವು.

ಬಳ್ಳಾರಿಗೆ ನೀರು ತುಂಗಭದ್ರಾ ಕಾಲುವಿಯಿಂದ ಬರ್ತೈತಿ, ಅಲ್ಲೀಪುರ ಕೆರಿಯಾಗ ತುಂಬಿಸಿ ಊರಿಗೆ ಬಿಡ್ತಾರ. ಕಾಲುವಿ ಬಂದ್ ಆಗೋ ಬೇಸಿಗ್ಯಾಗ ಕೆರಿಯಾಗ ಎಷ್ಟು ಐತೋ ಅಷ್ಟೇ. ಅದಕ್ಕೇ ಹಳೇ ಬಳ್ಳಾರಿ ಮನಿಗಳಾಗ ದೊಡ್ಡ ದೊಡ್ಡ ತೊಟ್ಟಿ ಇರ್ತಾವು, ನಮ್ಮ ಅಮ್ಮ ಇವತ್ತಿಗೂ ಖಾಲಿ ಬಕೆಟ್ ಕಂಡ್ರ ಅದನ್ನ ತುಂಬೋ ತನಕ ಸುಮ್ನಿರಂಗಿಲ್ಲ. ಕೊಪ್ಪಳಕ್ಕ ಡ್ಯಾಮ್ ಹತ್ರ ಐತಿ, ಮುನಿರಾಬಾದ್ ಇದೇ ಜಿಲ್ಲಾ, ಆದ್ರೂ ನಳದ ಕಥಿ ಓಣಿಯಿಂದ ಓಣಿಗೆ ಬ್ಯಾರೆ.

ಧೂಳು

ಬಿಳೇ ಬೆಡ್‌ಶೀಟ್ ತರಬ್ಯಾಡ್ರಿ ಅಂತ ನಾ ಹೇಳಿದ್ರ ಜನ ನಗ್ತಾರ. ಕೊಪ್ಪಳಕ್ಕ ಬಂದ ಹೊಸದ್ರಾಗ ಗಿಣಿಗೇರಾ ಕಡೆ ಒಂದು ಮನಿ ನೋಡಿದ್ವಿ, ಹೊಸ ಮನಿ, ದೊಡ್ಡ ರೂಮು, ಬಾಡಿಗಿ ನಂಬಾಕ ಆಗದಷ್ಟು ಕಡಿಮಿ. ಓನರ್ ಕೀಲಿ ತರಾಕ ಒಳಗ ಹೋದಾಗ ನಮ್ಮ ಮನಿಯವ್ರು ಸುಮ್ನ ಕಿಟಕಿ ಕಟ್ಟಿ ಮ್ಯಾಲ ಬಟ್ಟು ಎಳದು ನನಗ ತೋರ್ಸಿದ್ರು, ಕಾಡಿಗಿ ಹಚ್ಕೊಂಡಂಗ ಕರ್ರಗ. ಮನಿ ಕಟ್ಟಿ ಆರು ತಿಂಗಳು ಆಗಿರ್ಲಿಲ್ಲ. ಮಾಳಿಗಿ ಮ್ಯಾಲ ತುಳಸಿ ಗಿಡ ಇತ್ತು, ಎಲಿ ಮ್ಯಾಲೂ ಅದೇ. ಓನರ್ ಹೊರಗ ಬಂದು ನಮ್ಮ ಮುಖ ನೋಡಿ ತಾನೇ ಹೇಳಿದ, "ಗಾಳಿ ಈ ಕಡೆ ಇದ್ದಾಗ ಅಷ್ಟೇ ಸರ್". ಆ ಬೆಲ್ಟಿನಾಗ ಸ್ಪಾಂಜ್ ಐರನ್, ಸ್ಟೀಲ್ ಫ್ಯಾಕ್ಟರಿ ಸಾಲಾಗಿ ಅದಾವು, ಊರಿನ ಮಂದಿ ಇನ್ನು ಬ್ಯಾಡ ಅಂತ 2025ರಾಗ ಕೊಪ್ಪಳ ಬಂದ್ ಮಾಡಿ ಗವಿಮಠದ ಅಜ್ಜಾರ (ಸ್ವಾಮೀಜಿ) ಸಮೇತ ರಸ್ತಾಕ್ಕ ಇಳದಿದ್ರು. ಅದೇ ಫ್ಯಾಕ್ಟರಿಗಳಾಗ ಸಾವಿರಾರು ಮನಿ ಅನ್ನ ಐತಿ ಅನ್ನೋದೂ ಖರೇ, ನಾ ಇದರಾಗ ತೀರ್ಪು ಕೊಡೋಕ ಬಂದಿಲ್ಲ, ಮನಿ ನೋಡೋರಿಗೆ ಹೇಳೋದು ಒಂದೇ: ಬಟ್ಟು ಎಳದು ನೋಡ್ರಿ. ಕಿಟಕಿ ಕಟ್ಟಿ, ಮಾಳಿಗಿ ಮ್ಯಾಲಿನ ಸಿಂಟೆಕ್ಸ್ ಮುಚ್ಚಳ, ಬಾಜು ಮನಿ ಒಣಗಹಾಕಿದ ಬಟ್ಟಿ. ಮಕ್ಕಳಿಗೆ ಉಬ್ಬಸ ಇದ್ರಂತೂ ಗವಿಮಠದ ಕಡೆ ಅಥವಾ ಕಿನ್ನಾಳ ರೋಡ್ ಕಡೆ ನೋಡ್ರಿ, ಎರಡು ಸಾವಿರ ಜಾಸ್ತಿ ಹೋದ್ರೂ ಹೋಗ್ಲಿ.

ಬಳ್ಳಾರಿ ಧೂಳು ಕೆಂಪು. ತೋರಣಗಲ್ಲು, ಸಂಡೂರು ಕಡೆ ಹೋದ್ರ ರೋಡಿನ ಬಾಜು ಗಿಡದ ಎಲಿ ಹಸಿರು ಅಂತ ಮಳಿಗಾಲದಾಗೇ ಗೊತ್ತಾಗೋದು. 2011ರಾಗ ಸುಪ್ರೀಂ ಕೋರ್ಟ್ ಗಣಿಗಾರಿಕಿ ನಿಲ್ಲಿಸಿದ ಮ್ಯಾಲ ಲಾರಿ ಕಾಟ ಒಂಚೂರು ಹಿಡಿತಕ್ಕ ಬಂತು, ಅದಕ್ಕ ಮುಂಚೆ ನೋಡಿದ್ರ ನೀವು ಈಗಿಂದು ಏನೂ ಅಲ್ಲ ಅಂತಿದ್ರಿ. ಬಳ್ಳಾರಿ ಪ್ಯಾಟಿ ಒಳಗ ಅಷ್ಟು ತ್ರಾಸ ಇಲ್ಲ. ರಾಯಚೂರಾಗ ಶಕ್ತಿನಗರದ ಥರ್ಮಲ್ ಪ್ಲಾಂಟ್ 1985ರಿಂದ ನಡೀತೈತಿ, ರಾಜ್ಯಕ್ಕ ಕರೆಂಟ್ ಅಲ್ಲಿಂದ, ಹಾರುಬೂದಿ ಅಲ್ಲಿಯವರಿಗೆ.

ಯಾವ ಊರು ಯಾವ ಕಡೆ ಮುಖ ಮಾಡೇತಿ

ಇದನ್ನ ಯಾರೂ ಹೇಳಂಗಿಲ್ಲ, ಆದ್ರ ಇಲ್ಲಿ ಇರಬೇಕಂದ್ರ ಇದೇ ಮುಖ್ಯ. ಮೂರೂ ಊರು ಮ್ಯಾಪ್‌ನಾಗ ಒಂದರ ಬಾಜು ಒಂದು ಕಾಣ್ತಾವು, ಆದ್ರ ಆಸ್ಪತ್ರಿ, ಮದುವಿ ಜವಳಿ, ದೊಡ್ಡ ಶಾಪಿಂಗ್, ಮಕ್ಕಳ ಕಾಲೇಜು ಅಂದ್ರ ಒಂದೊಂದೂ ಒಂದೊಂದು ದಿಕ್ಕಿಗೆ ಹೊಂಟು ಬಿಡ್ತಾವು.

ರಾಯಚೂರಿನ ಮುಖ ಹೈದರಾಬಾದ್ ಕಡೆ. 1956ರ ತನಕ ಆ ರಾಜ್ಯದಾಗೇ ಇದ್ದಿದ್ದು, ಇವತ್ತಿಗೂ ಎದಿನೋವು ಅಂದ್ರ ಮಂದಿ ಗಾಡಿ ತಿರುಗಿಸೋದು ಆ ಕಡೆನೇ, ಸುಮಾರು 220 ಕಿಲೋಮೀಟರ್, ಬೆಂಗಳೂರು ಅದರ ಹೆಚ್ಚುಕಡಿಮಿ ಎರಡು ಪಟ್ಟು. ರಿಮ್ಸ್ ಅನ್ನೋ ಸರ್ಕಾರಿ ಆಸ್ಪತ್ರಿ ಐತಿ, ಆದ್ರೂ ಏಮ್ಸ್ ಬೇಕು ಅಂತ 2022ರಿಂದ ಮಂದಿ ಧರಣಿ ಕುಂತಿದ್ದು ಸುಮ್ನಲ್ಲ. ರೈಲಿನ ವಿಷಯಕ್ಕ ಬಂದ್ರ ಮೂರರಾಗ ರಾಯಚೂರೇ ರಾಜ. ಮುಂಬೈ ಚೆನ್ನೈ ಮೇನ್ ಲೈನ್, ಉದ್ಯಾನ್, ಕರ್ನಾಟಕ ಎಕ್ಸ್‌ಪ್ರೆಸ್ ಎಲ್ಲಾ ನಿಲ್ತಾವು, ಕಲಬುರಗಿ ಬೆಂಗಳೂರು ವಂದೇ ಭಾರತ್ ಕೂಡ ನಿಲ್ತೈತಿ. ದಿಲ್ಲಿ ಮುಂಬೈ ಕಡೆ ಮಕ್ಕಳು ಇರೋರಿಗೆ ಇದು ದೊಡ್ಡ ಅನುಕೂಲ. ಕೃಷಿ ವಿಶ್ವವಿದ್ಯಾಲಯ ಐತಿ, ಐಐಐಟಿ ಬಂದೈತಿ, ಹಿಂಗಾಗಿ ಓದೋ ಹುಡುಗರು ಓಡಾಡೋ ಊರು ಅದು. ರೋಡು ಮಾತ್ರ ಕೇಳಬ್ಯಾಡ್ರಿ.

ಬಳ್ಳಾರಿ ಮೊದಲಿಂದ ದೊಡ್ಡ ಊರು, ಕಂಟೋನ್ಮೆಂಟ್ ಇದ್ದ ಊರು, ಮದ್ರಾಸ್ ಪ್ರಾಂತ್ಯದಾಗ ಇತ್ತು, 1953ರಾಗ ಮೈಸೂರಿಗೆ ಸೇರಿದ್ದು. ಮೂರರಾಗ ಸಿಟಿ ಅನ್ನಬಹುದಾದ್ದು ಇದೊಂದೇ ಅಂತ ನನ್ನ ಅಭಿಪ್ರಾಯ, ಬಳ್ಳಾರಿಯವ ಅಂತ ಹೇಳ್ತಿಲ್ಲ (ಹೇಳ್ತಿದೀನಿ ಬಿಡ್ರಿ). ಇಲ್ಲಿನ ಸರ್ಕಾರಿ ಆಸ್ಪತ್ರಿ ವಿಮ್ಸ್‌ಗೆ ಈಗ ಹೊಸ ಹೆಸರು ಬಂದೈತಿ, ಆಟೋದವನಿಗೆ ವಿಮ್ಸ್ ಅಂದ್ರನೇ ತಿಳಿಯೋದು. ಜೀನ್ಸ್ ಇಲ್ಲಿ ಮನಿ ಮನಿಯಾಗ ಹೊಲೀತಾರ, ಕೌಲ್ ಬಜಾರ್ ಓಣ್ಯಾಗ ಮಷಿನ್ ಸಪ್ಪಳ ರಾತ್ರಿ ಹತ್ತರ ತನಕ, ಒಬ್ಬರು ಜೇಬು ಹೊಲದ್ರ ಇನ್ನೊಬ್ರು ಜಿಪ್ ಹಚ್ತಾರ. ಬೆಂಗಳೂರಾಗ ಬ್ರ್ಯಾಂಡಿನ ರೇಟಿಗೆ ತಗೊಳ್ಳೋದು ಇಲ್ಲಿ ಕಾಲು ಭಾಗಕ್ಕ ಸಿಗ್ತೈತಿ, ಚೌಕಾಶಿ ಬಂದ್ರ. ಬೆಂಗಳೂರು ಸುಮಾರು 310 ಕಿಲೋಮೀಟರ್, ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿದ್ರ ಬೆಳಕಾಗೋದ್ರಾಗ ಅಲ್ಲಿ. ತೋರಣಗಲ್ಲಿನ ವಿದ್ಯಾನಗರದಾಗ ಏರ್‌ಪೋರ್ಟೂ ಐತಿ, ಆದ್ರ ವಿಮಾನ ದಿನಾ ಇರ್ತಾವು ಅಂತ ನಂಬಿ ಮೀಟಿಂಗ್ ಇಟ್ಕೋಬ್ಯಾಡ್ರಿ, ಶೆಡ್ಯೂಲ್ ನೋಡೇ ಹೊಂಡ್ರಿ. ಬಳ್ಳಾರಿದು ಕೆಟ್ಟದ್ದು ಏನಂದ್ರ ಟ್ರಾಫಿಕ್ಕು, ಮತ್ತ ಎಲೆಕ್ಷನ್ ಟೈಮಿನಾಗ ಊರು ಊರಿನಂಗ ಇರಂಗಿಲ್ಲ.

ಕೊಪ್ಪಳ ಸಣ್ಣ ಊರು, 1997ರಾಗ ರಾಯಚೂರಿಂದ ಬ್ಯಾರೆ ಆಗಿ ಜಿಲ್ಲಾ ಆಗಿದ್ದು, ಮುಖ ಹುಬ್ಬಳ್ಳಿ ಕಡೆ. ಹುಬ್ಬಳ್ಳಿ ಸುಮಾರು 115 ಕಿಲೋಮೀಟರ್, ಹೈವೇ ಚಲೋ ಐತಿ, ಮುಂಜಾನಿ ಹೋಗಿ ಡಾಕ್ಟರ್‌ಗೆ ತೋರ್ಸಿ ಸಂಜಿಗೆ ಮನಿಗೆ ಬರಬಹುದು. ಇಲ್ಲೊಂದು ಗೊಂದಲ ಬರ್ತೈತಿ, ಹುಬ್ಬಳ್ಳಿ ಸರ್ಕಾರಿ ಆಸ್ಪತ್ರಿಗೂ ಮಂದಿ ಕಿಮ್ಸ್ ಅಂತಾರ, ಕೊಪ್ಪಳದ್ದಕ್ಕೂ ಕಿಮ್ಸ್ ಅಂತಾರ, ಹಿಂಗಾಗಿ "ಕಿಮ್ಸ್‌ಗೆ ಅಡ್ಮಿಟ್ ಮಾಡ್ಯಾರ" ಅಂತ ಫೋನ್ ಬಂದ್ರ ಯಾವ ಊರಿಂದು ಅಂತ ಕೇಳೇ ಗಾಡಿ ಹತ್ತಬೇಕು, ನಮ್ಮ ಭಾವ ಒಮ್ಮೆ ಹುಬ್ಬಳ್ಳಿ ತನಕ ಹೋಗಿ ವಾಪಸ್ ಬಂದಾರ. ಕೊಪ್ಪಳದಾಗ ಎಲ್ಲಿಂದ ಎಲ್ಲಿಗೆ ಹೋದ್ರೂ ಹದಿನೈದು ನಿಮಿಷ, ಮಕ್ಕಳು ಸಾಲಿಯಿಂದ ಮಧ್ಯಾಹ್ನ ಉಣ್ಣಾಕ ಮನಿಗೆ ಬರ್ತಾರ. ಆ ಸುಖ ಬ್ಯಾರೆ ಕಡೆ ಸಿಕ್ಕಿಲ್ಲ ನನಗ. ಬೇಜಾರು ಅಂದ್ರ ಸಂಜಿ ಎಂಟರ ಮ್ಯಾಲ ಹೋಗೋಕ ಜಾಗ ಇಲ್ಲ, ಹೊಸಪೇಟಿಗೆ ಓಡಬೇಕು.

ಒಟ್ಟಿನಾಗ ಮನಿಯಾಗ ವಯಸ್ಸಾದವ್ರು, ಪದೇ ಪದೇ ದೊಡ್ಡ ಡಾಕ್ಟರ್ ಬೇಕು ಅಂದ್ರ ಬಳ್ಳಾರಿ. ಸಣ್ಣ ಮಕ್ಕಳು, ಶಾಂತಿ ಬೇಕು ಅಂದ್ರ ಕೊಪ್ಪಳ, ಫ್ಯಾಕ್ಟರಿ ಗಾಳಿ ಬೀಳದ ಕಡೆ. ರಾಯಚೂರಿಗೆ ಯಾರೂ ಬೇಕಂತ ಬರಂಗಿಲ್ಲ ಅಂತಾರ, ಆದ್ರ ಬಂದವ್ರು ಬಿಟ್ಟು ಹೋಗೋವಾಗ ಅಳ್ತಾರ. ನಾ ಅತ್ತಿಲ್ಲ, ನಮ್ಮ ಮನಿಯವ್ರು ಅತ್ರು.

ಅಳೋಕ ಕಾರಣ ಮಂದಿ. ಆ ನಸುಕಿನ ಮೂರರ ನಳ ಹೇಳಿದ್ನಲ್ಲ, ಒಂದು ವಾರ ಆದ ಮ್ಯಾಲ ಬಾಜು ಮನಿ ಅಜ್ಜಿ ತಾನೇ ನಮ್ಮ ಪೈಪ್ ಹಚ್ಚಿ ಸಂಪ್ ತುಂಬ್ಸಿ "ಮಕ್ಕೋರಿ, ನಾ ಎದ್ದೇ ಇರ್ತೀನಿ" ಅನ್ನಾಕತ್ಲು, ನಾಲ್ಕು ವರ್ಷ ಅದೇ ನಡೀತು. ಬಾಡಿಗಿ ಅಗ್ರಿಮೆಂಟಿನಾಗ ಇದನ್ನ ಬರಿಯೋಕ ಬರಂಗಿಲ್ಲ.

ಮಾತು

ಮೂರೂ ಕಡೆ ಕನ್ನಡಾನೇ, ಆದ್ರ ಒಂದೇ ಕನ್ನಡ ಅಲ್ಲ. ಕೊಪ್ಪಳದಾಗ ಬರ್ತೈತಿ, ರಾಯಚೂರಾಗ ಬರ್ತದ, ಬಳ್ಳಾರಿ ಕಡೆ ಬರ್ತೈತೆ. ಬಳ್ಳಾರಿ ಅಂಗಡ್ಯಾಗ ಕನ್ನಡದಾಗ ರೇಟ್ ಕೇಳಿದ್ರ ತೆಲುಗಿನಾಗ ಉತ್ತರ ಬರಬಹುದು, ಸಿಟ್ಟಾಗಬ್ಯಾಡ್ರಿ, ಅವ ಬೇಕಂತ ಮಾಡಿದ್ದಲ್ಲ, ಬಾಯಿಗೆ ಮೊದ್ಲು ಬಂದಿದ್ದು ಅದು, ನೀವು ಕನ್ನಡದಾಗೇ ಮುಂದುವರ್ಸಿದ್ರ ಅವನೂ ತಿರುಗ್ತಾನ. ರಾಯಚೂರಾಗ ತೆಲುಗಿನ ಜೋಡಿ ಉರ್ದುನೂ ಸೇರ್ತೈತಿ, ಊರಿನ ಜಾಗದ ಹೆಸರೇ ತೀನ್ ಕಂದೀಲ್, ಏಕ್ ಮಿನಾರ್. ದೊಡ್ಡವ್ರಿಗೆ ಅಣ್ಣಾರ, ಅಕ್ಕಾರ, ಸಾಹೇಬ್ರ ಅಂತ ಒಂದು ರ ಸೇರಿಸ್ರಿ, ಅರ್ಧ ಕೆಲಸ ಆಗ್ತೈತಿ. ದಕ್ಷಿಣದವ್ರು ಎಲ್ಲಾರಿಗೂ "ಗುರೂ" ಅನ್ನೋದು ಇಲ್ಲಿ ನಡಿಯಂಗಿಲ್ಲ, ಗುರುಗಳು ಮಠದಾಗ ಇರ್ತಾರ. ಮತ್ತ ನಮ್ಮ ಧ್ವನಿ ಜೋರು. ಬಾಜು ಮನ್ಯಾಗ ಜಗಳ ನಡದೈತಿ ಅಂತ ನೀವು ಅನ್ಕೊಂಡಿರ್ತೀರಿ, ಅವ್ರು ಚಾ ಕುಡೀರಿ ಅಂತ ಒತ್ತಾಯ ಮಾಡ್ತಿರ್ತಾರ.

ಊಟದ್ದು ಉದ್ದ ಹೇಳಂಗಿಲ್ಲ. ಬೆಳಿಗ್ಗಿ ಬಳ್ಳಾರ್ಯಾಗ ಒಗ್ಗರಣಿ ಮಿರ್ಚಿ, ಅಂದ್ರ ಮಂಡಕ್ಕಿ ನೆನಸಿ ಹಿಂಡಿ ಉಳ್ಳಾಗಡ್ಡಿ ಹಸಿಮೆಣಸಿನಕಾಯಿ ಹಾಕಿ ಮಾಡಿದ್ದು, ಮ್ಯಾಲ ಪುಠಾಣಿ ಪುಡಿ. ಅದೇ ಪದಾರ್ಥಕ್ಕ ರಾಯಚೂರು ಕಡೆ ಸೂಸಲಾ ಅಂತಾರ. ಖಾರದ ದೋಸಿ ತಿಂದವ್ರು ಮೊದಲ ಸಲ ಕಣ್ಣಾಗ ನೀರು ಹಾಕ್ತಾರ, ಎರಡನೇ ಸಲ ತಾವೇ ಹುಡುಕ್ಕೊಂಡು ಬರ್ತಾರ. ಖಾನಾವಳಿಯಾಗ ರೊಟ್ಟಿ, ಎಣಗಾಯಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಇಷ್ಟು ಸಿಕ್ರ ಹೋಟೆಲ್ ಮೆನು ನೋಡಬ್ಯಾಡ್ರಿ. ಖಾರ ಆಗಂಗಿಲ್ಲ ಅನ್ನೋರು ಮೊದಲ ತಿಂಗಳು ಮೊಸರು ಜಾಸ್ತಿ ತಂದಿಟ್ಕೊಳ್ರಿ.

ಹೊಸಬ್ರು ಎಡವೋ ಜಾಗಗಳು

ಏಪ್ರಿಲ್ ಮೇ ಎರಡು ತಿಂಗಳು ಇಲ್ಲಿ ಸರ್ಕಾರಿ ಆಫೀಸ್ ಬೆಳಿಗ್ಗಿ 8ರಿಂದ ಮಧ್ಯಾಹ್ನ 1.30ರ ತನಕ. ಪ್ರತಿ ವರ್ಷ ಆದೇಶ ಬರ್ತೈತಿ, ಬಿಸಿಲಿನ ಸಲುವಾಗಿ. ಬೆಂಗಳೂರಿಂದ ಬಂದವ್ರು ಊಟ ಮುಗ್ಸಿ ಎರಡೂವರಿಗೆ ತಹಶೀಲ್ದಾರ್ ಆಫೀಸಿಗೆ ಹೋಗಿ ಕೀಲಿ ನೋಡಿ ಬೈತಾರ. ಅಂಗಡಿಗಳೂ ಹನ್ನೆರಡರಿಂದ ನಾಲ್ಕರ ತನಕ ಅರ್ಧ ಶಟರ್. ನಿಮ್ಮ ಕೆಲಸ ಎಲ್ಲಾ ಹತ್ತರೊಳಗ, ಇಲ್ಲಾ ಆರರ ಮ್ಯಾಲ.

371ಜೆ, ಅಂದ್ರ ಈ ಭಾಗದ ಮಂದಿಗೆ ಓದು ನೌಕರಿಯಾಗ ಮೀಸಲಾತಿ ಕೊಡೋ ಸಂವಿಧಾನದ ಕಲಂ, ಅದರ ಬಗ್ಗೆ ತಪ್ಪು ತಿಳ್ಕೊಂಡು ಬರೋರು ಭಾಳ. ಇಲ್ಲಿ ಬಾಡಿಗಿ ಮನಿ ಮಾಡಿ ಆಧಾರ್ ಅಡ್ರೆಸ್ ಬದಲಿಸಿದ ಕೂಡ್ಲೆ ಮಕ್ಕಳಿಗೆ ಮೀಸಲಾತಿ ಸಿಗಂಗಿಲ್ಲ, ಇಲ್ಲೇ ಹುಟ್ಟಿರಬೇಕು ಇಲ್ಲಾ 2013ಕ್ಕೂ ಹಿಂದಿನ ಹತ್ತು ವರ್ಷದ ವಾಸ ತೋರಿಸಬೇಕು ಅನ್ನೋ ಲೆಕ್ಕ ಐತಿ, ಅಸಿಸ್ಟೆಂಟ್ ಕಮಿಷನರ್ ಆಫೀಸಿನಾಗ ನಿಮ್ಮ ಕೇಸ್ ಕೇಳಿ ತಿಳ್ಕೊಂಡು ಆಮ್ಯಾಲ ಆಸೆ ಇಟ್ಕೊಳ್ರಿ.

ಸಿಂಧನೂರು, ಗಂಗಾವತಿ, ಕಾರಟಗಿ ರೂಟಿನಾಗ ಬೈಕ್ ಹೊಡಿಯೋರಿಗೆ ಒಂದು ಎಚ್ಚರಿಕಿ. ಸುಗ್ಗಿ ಟೈಮಿನಾಗ ರೋಡಿನ ಮ್ಯಾಲೇ ಭತ್ತ ಒಣಗಿಸಿರ್ತಾರ, ರಾತ್ರಿ ಅದರ ಸುತ್ತ ಕಲ್ಲು ಇಟ್ಟಿರ್ತಾರ, ಭತ್ತ ಕಂಡ್ರೂ ಕಲ್ಲು ಕಾಣಂಗಿಲ್ಲ. ನನ್ನ ಎಡಗೈ ಮೊಣಕೈ ಮ್ಯಾಲ ಅದರ ಗುರುತು ಐತಿ. ಆ ಊರುಗಳಾಗ ಮನಿ ಮಾಡಿದ್ರ ಸೊಳ್ಳಿ ಪರದೆ ಮೊದಲ ದಿನವೇ ಬೇಕು, ಸುತ್ತ ಗದ್ದಿ ನೀರು. ಅಲ್ಲಿ ವ್ಯಾಪಾರ ಎಲ್ಲಾ ಡ್ಯಾಮಿನ ಮ್ಯಾಲ ನಿಂತೈತಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟಿನಾಗ 19ನೇದು ಕೊಚ್ಚಿಕೊಂಡು ಹೋದಾಗ ಮರುದಿನ ಗಂಗಾವತಿ ಅಂಗಡಿ ಕಟ್ಟಿ ಮ್ಯಾಲ ಕುಂತವ್ರ ಬಾಯಾಗ ಬ್ಯಾರೆ ಮಾತೇ ಇರ್ಲಿಲ್ಲ, ಎರಡನೇ ಬೆಳಿ ಬರ್ತೈತೋ ಇಲ್ಲೋ ಅನ್ನೋದೊಂದೇ. ನೀವು ಅಲ್ಲಿ ಅಂಗಡಿ ಗಿಂಗಡಿ ಹಾಕೋ ಯೋಚ್ನಿ ಇದ್ರ ಮೊದ್ಲು ಡ್ಯಾಮಿನ ನೀರಿನ ಲೆಕ್ಕ ಓದೋದು ಕಲೀರಿ.

ಕೊಪ್ಪಳದಾಗ ಮನಿ ಶಿಫ್ಟ್ ಮಾಡೋರು ಗವಿಸಿದ್ಧೇಶ್ವರ ಜಾತ್ರಿ ವಾರ ಬಿಟ್ಟು ಮಾಡ್ರಿ. ಪುಷ್ಯ ಹುಣ್ಣಿಮಿ ಆದ ಮ್ಯಾಲ ಬಿದಿಗಿ ದಿನ ತೇರು, ಜನವರಿ ಸುಮಾರಿಗೆ ಬರ್ತೈತಿ, ಲಕ್ಷಗಟ್ಟಲೆ ಮಂದಿ, ಲಾರಿ ಊರೊಳಗ ಬರಾಕ ಆಗಂಗಿಲ್ಲ, ಹಮಾಲ್ರೂ ಸಿಗಂಗಿಲ್ಲ, ಎಲ್ಲಾರೂ ದಾಸೋಹದಾಗ. ಅದರ ಬದ್ಲಿ ನೀವೂ ಹೋಗ್ರಿ. ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್‌ನಾಗ ರೊಟ್ಟಿ ಬರ್ತಾವು, ರೊಟ್ಟಿ ಒಟ್ಟಿರೋದು ನೋಡಿದ್ರ ಮೇವಿನ ಬಣಿವಿ ನೆನಪಾಗ್ತೈತಿ. ಮಿರ್ಚಿ ಕೊಡೋ ದಿನ ನೂರಾರು ಮಂದಿ ಸಾಲಾಗಿ ಕುಂತು ಎಣ್ಣಿ ಕೊಪ್ಪರಿಗಿ ಮುಂದ ಬೆವರು ಒರಿಸ್ಕೊಂತ ಕರೀತಿರ್ತಾರ, ಯಾರಿಗೂ ಕೂಲಿ ಇಲ್ಲ.

ಬರೇ ನೋಡಾಕ ಬರೋರಿಗೆ

ನವೆಂಬರ್‌ನಿಂದ ಫೆಬ್ರವರಿ ಒಳಗ ಬರ್ರಿ, ಇಲ್ಲಾ ಆಗಸ್ಟ್ ಸೆಪ್ಟೆಂಬರ್‌ನಾಗ ಡ್ಯಾಮ್ ತುಂಬಿದಾಗ ಬರ್ರಿ. ಎಲ್ಲಾರೂ ಹಂಪಿ ನೋಡಿ ಹೊಸಪೇಟಿಯಿಂದ ವಾಪಸ್ ರೈಲ್ ಹತ್ತತಾರ, ಅದು ಈಗ ವಿಜಯನಗರ ಜಿಲ್ಲಾ ಆತು, 2021ರಾಗ ಬಳ್ಳಾರಿಯಿಂದ ಒಡದು ಮಾಡಿದ್ರು. ಹೊಳಿ ಈ ಕಡೆ ಆನೆಗೊಂದಿ, ಅಂಜನಾದ್ರಿ ಕೊಪ್ಪಳ ಜಿಲ್ಲಾದಾಗ ಬರ್ತಾವು, ಅಂಜನಾದ್ರಿಗೆ 575 ಮೆಟ್ಲು, ಬೆಳಿಗ್ಗಿ ಆರಕ್ಕ ಹತ್ತಿ ಎಂಟಕ್ಕ ಇಳದುಬಿಡ್ರಿ, ಹತ್ತರ ಮ್ಯಾಲ ಕಲ್ಲು ಕಾಲು ಸುಡ್ತೈತಿ.

ನನ್ನ ಕೇಳಿದ್ರ ಒಂದು ದಿನ ಕೊಪ್ಪಳದ ಸುತ್ತ ಇಡ್ರಿ. ಗವಿಮಠದ ಬೆಟ್ಟದ ಮ್ಯಾಲ ಅಶೋಕನ ಶಾಸನ ಐತಿ, ಆ ಕಡೆ ಪಾಲ್ಕಿಗುಂಡಿನಾಗ ಇನ್ನೊಂದು. ಪಾಲ್ಕಿಗುಂಡು ಅಂದ್ರ ಎರಡು ಬಂಡೆಗಲ್ಲಿನ ಮ್ಯಾಲ ಒಂದು ಹಾಸುಗಲ್ಲು ಛತ್ರಿಯಂಗ ಕುಂತೈತಿ, ಅದರ ಕೆಳಗ ನೆರಳಾಗ ನಿಂತ್ರ ಇಡೀ ಕೊಪ್ಪಳ ಕಾಣ್ತೈತಿ, ನಾನೂ ನನ್ನ ಮಗನೂ ಭಾನುವಾರ ಬೆಳಿಗ್ಗಿ ಬುತ್ತಿ ಕಟ್ಕೊಂಡು ಹೋಗ್ತೀವಿ, ಎಷ್ಟೋ ಸಲ ನಮ್ಮಿಬ್ಬರ ಬಿಟ್ರ ಬರೇ ಕುರಿ. ಕುಕನೂರು ಹತ್ರ ಇಟಗಿ ಮಹಾದೇವ ದೇವಸ್ಥಾನ, 1112ರದ್ದು, ಕಂಬ ಮುಟ್ಟಿದ್ರ ಕನ್ನಡಿ ಮುಟ್ಟಿದಂಗ ನುಣ್ಣಗ. ಬರೋವಾಗ ಕಿನ್ನಾಳಕ್ಕ ಹೋಗಿ ಚಿತ್ರಗಾರರ ಓಣ್ಯಾಗ ಕಟ್ಟಿಗಿ ಗೊಂಬಿ ಮಾಡೋದು ನೋಡ್ರಿ, ಎತ್ತೋ ಗಿಣಿಯೋ ಒಂದು ತಗೊಂಡ್ರ ಅಲ್ಲೇ ತಗೊಳ್ರಿ, ಶೋರೂಮಿನಾಗ ಅಲ್ಲ.

ರಾಯಚೂರಾಗ ಕೋಟಿ ಗೋಡಿಯಾಗ 1294ರ ಶಾಸನ ಇರೋ ಭಾರೀ ಉದ್ದನ ಕಲ್ಲು ಐತಿ, ಅದನ್ನ ಗಾಡಿ ಮ್ಯಾಲ ಎಳಕೊಂಡು ಬರೋ ಚಿತ್ರಾನೂ ಅಲ್ಲೇ ಗೋಡಿ ಮ್ಯಾಲ ಕೊರದಾರ. ಮಂತ್ರಾಲಯಕ್ಕ ಹೋಗೋರು ರಾಯಚೂರಿಗೆ ಬರೇ ಬಸ್ ಬದಲಿಸಾಕ ಇಳೀತಾರ, ಎರಡು ತಾಸು ಜಾಸ್ತಿ ಇಟ್ಕೊಂಡ್ರ ಇದು ಆಗ್ತೈತಿ. ಮಸ್ಕಿ ಕಡೆ ಹೋಗೋರಿಗೆ ಅಶೋಕ ಅನ್ನೋ ಹೆಸರೇ ಇರೋ ಶಾಸನ ಅಲ್ಲೈತಿ, 1915ರಾಗ ಸಿಕ್ಕಿದ್ದು.

ಬಳ್ಳಾರಿ ಕೋಟಿ ಗುಡ್ಡ ಹತ್ತೋದಾದ್ರ ನಸುಕಿನಾಗ. ನೀರಿನ ಬಾಟ್ಲಿ ಕೆಳಗೇ ತುಂಬ್ಕೊಳ್ರಿ, ಮ್ಯಾಲ ಏನೂ ಸಿಗಂಗಿಲ್ಲ. ಇಳದು ಬಂದ ಮ್ಯಾಲ ಒಗ್ಗರಣಿ ಮಿರ್ಚಿ ತಿನ್ನಾಕ ಒಂಬತ್ತರೊಳಗ ಮುಟ್ಟಬೇಕು, ಹತ್ತಕ್ಕ ಹೋದ್ರ ಬುಟ್ಟಿ ತಳದಾಗಿಂದು ಕೊಡ್ತಾರ. ಮನಿ ಮಾಡೋಕ ಬರೋರು ಇದರ ಜೋಡಿ ಕೂಲರನ್ನೂ ಫೆಬ್ರವರಿಯಾಗೇ ತಗೊಂಡುಬಿಡ್ರಿ, ಯುಗಾದಿ ಹತ್ರ ಬಂದ್ರ ಅದೇ ಪೀಸಿಗೆ ಅಂಗಡಿಯವ ಮುಖ ಎತ್ತಿ ಮಾತಾಡಂಗಿಲ್ಲ.